21 ದಿನದ ಫಾರ್ವರ್ಡ್: ಸತ್ಯಾಂಶ ಏನು?

"21 ದಿನ ಬಿಡದೆ ಮಾಡಿ, ಅಭ್ಯಾಸ ಆಗ್ಬಿಡುತ್ತೆ, ಒಂದ್ ದಿನ ತಪ್ಪಿದ್ರೂ ಮತ್ತೆ ಮೊದಲಿಂದ ಶುರು" ಅನ್ನೋ ಮೆಸೇಜ್ ನಮ್ಮ ಹಾಸನದ ವಾಟ್ಸಾಪ್ ಗ್ರೂಪುಗಳಲ್ಲಿ ಮತ್ತೆ ಓಡಾಡ್ತಿದೆ. ಇದು ನಿಜ ಅಲ್ಲ.

ಈ 21ರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದಿದ್ದು. ಆಪರೇಷನ್ ಆದೋರಿಗೆ ಹೊಸ ಮುಖ ಒಗ್ಗೋಕೆ ಕಮ್ಮಿ ಅಂದ್ರೂ ಸುಮಾರು 21 ದಿನ ಬೇಕು ಅಂದಿದ್ರು ಅಷ್ಟೇ. ಆಮೇಲೆ ಲಂಡನ್ನಲ್ಲಿ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ತಂಡ 96 ಜನರನ್ನ ಗಮನಿಸಿದಾಗ ಅಭ್ಯಾಸ ಕೂರೋಕೆ ಸುಮಾರು 66 ದಿನ ಬೇಕಾಯ್ತು, ಅದೂ ಅಂದಾಜಿನ ಪ್ರಕಾರ ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೂ ಬೇರೆ ಬೇರೆ, ಮಧ್ಯೆ ಒಂದ್ ದಿನ ತಪ್ಪಿದ್ದಕ್ಕೆ ಏನೂ ಕೆಟ್ಟುಹೋಗ್ಲಿಲ್ಲ.

ಬೇಜಾರೇನಂದ್ರೆ 22ನೇ ದಿನವೂ ಬೆಳಿಗ್ಗೆ ಬೇಗ ಏಳೋಕೆ ಕಷ್ಟ ಅನ್ಸಿದ್ ತಕ್ಷಣ ಎಷ್ಟೋ ಜನ ನನ್ ಕೈಲಾಗಲ್ಲ ಅಂತ ಬಿಟ್ಬಿಡ್ತಾರೆ.

ದಿನ ಎಣಿಸೋ ಬದಲು, ಯಾವಾಗ, ಎಲ್ಲಿ ಅಂತ ಮೊದಲೇ ಗೊತ್ತು ಮಾಡ್ಕೊಂಡ್ರೆ ಕೆಲಸ ಆಗೋ ಚಾನ್ಸ್ ಜಾಸ್ತಿ, ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಇದನ್ನ ವರ್ಷಗಟ್ಟಲೆ ಪರೀಕ್ಷೆ ಮಾಡಿ ತೋರಿಸಿದ್ದಾರೆ. "ವಾಕ್ ಮಾಡ್ಬೇಕು" ಅಂದ್ರೆ ಸಾಲಲ್ಲ. "ಮಗೂನ ಸ್ಕೂಲ್ ವ್ಯಾನ್ ಹತ್ತಿಸಿದ್ಮೇಲೆ ಮನೆಗೆ ಬರದೆ ಹಂಗೇ ಮಹಾರಾಜ ಪಾರ್ಕಿಗೆ ಹೋಗಿ ಎರಡು ರೌಂಡ್, ಮಳೆ ಬಂದ್ರೆ ಟೆರೇಸ್ ಶೀಟ್ ಕೆಳಗೆ" ಅಂತ ಬರೆದಿಟ್ಕೊಳ್ಳಿ, ವ್ಯಾನ್ ಹತ್ರ ಹೋಗುವಾಗ್ಲೇ ಶೂ ಹಾಕ್ಕೊಂಡಿರಿ.