ಸೇನೆಗೆ ಸೇರಬೇಕು ಅಂತ ಓಡುತ್ತಿರುವ ಹುಡುಗರಿಗೆ, ಅವರ ಮನೆಯವರಿಗೆ

1.6 ಕಿಲೋಮೀಟರ್ ಎಷ್ಟು ಹೊತ್ತಲ್ಲಿ ಓಡಬೇಕು ಅಂತ ಕೇಳಿದರೆ ನಮ್ಮ ಹುಡುಗರು ನಿದ್ದೆಗಣ್ಣಲ್ಲೂ ಉತ್ತರ ಹೇಳುತ್ತಾರೆ. ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ. ಹತ್ತು ಪುಲ್‌ಅಪ್ ಹೊಡೆದರೆ 40. ಒಂಬತ್ತು ಅಡಿ ಹಳ್ಳ ಹಾರಬೇಕು. ಎಲ್ಲ ಬಾಯಿಪಾಠ. ಅದೇ ಹುಡುಗರನ್ನು "ಸೇರಿದ ಮೇಲೆ ಬೇಡ ಅನ್ನಿಸಿದರೆ ಬಿಟ್ಟು ಬರೋಕೆ ಆಗುತ್ತಾ?" ಅಂತ ಕೇಳಿ ನೋಡಿ. "ಯಾಕ್ ಸರ್ ಬಿಟ್ ಬರ್ಬೇಕು?" ಅಂತ ನಗುತ್ತಾರೆ.

ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವನು. ಭರ್ತಿ ಬಂತು ಅಂದರೆ ನಡತೆ ಪ್ರಮಾಣಪತ್ರಕ್ಕೆ ಹುಡುಗರು ಸಾಲಾಗಿ ಬರುತ್ತಾರೆ. ಎಲ್ಲರಿಗೂ ಖುಷಿಯಿಂದಲೇ ಬರೆದುಕೊಡಿಸುತ್ತೇನೆ. ಆದರೆ ಅವರಲ್ಲಿ ಅಗ್ನಿಪಥ, ಅಂದರೆ ನಾಲ್ಕು ವರ್ಷಕ್ಕೆ ಸೇನೆಗೆ ಸೇರಿಸಿಕೊಳ್ಳುವ ಯೋಜನೆಯ ನಿಯಮಗಳನ್ನು ಪೂರ್ತಿ ಓದಿದವನು ಅಪರೂಪ. ಮನೆಯವರಂತೂ ಓದಿಯೇ ಇರುವುದಿಲ್ಲ. ಊರಲ್ಲಿ ಹಿಂದೆ ಮಿಲಿಟರಿಗೆ ಹೋದವರ ಪಿಂಚಣಿ, ಕ್ಯಾಂಟೀನ್ ಕಾರ್ಡು, ನಿವೃತ್ತಿಯಾದ ಮೇಲೆ ಕಟ್ಟಿದ ಮನೆ ಕಣ್ಣ ಮುಂದೆ ಇರುತ್ತದೆ. ಮಗನಿಗೂ ಅದೇ ಸಿಗುತ್ತದೆ ಅಂದುಕೊಂಡಿರುತ್ತಾರೆ. ಅದು ಹಳೆಯ ವ್ಯವಸ್ಥೆ. 2022ರ ಜೂನ್ 14ರಂದು ಅಗ್ನಿಪಥ ಘೋಷಣೆಯಾದ ಮೇಲೆ ಜವಾನರ ಮಟ್ಟದ ಭರ್ತಿಯ ಲೆಕ್ಕವೇ ಬೇರೆ.

ಸೇನೆಗೆ ಹೋಗಬೇಡಿ ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ಸೇನೆ ಸೇರುವುದು ಎರಡು ಕಡೆಯವರ ಒಪ್ಪಂದ. ಒಂದು ಕಡೆ ಸರ್ಕಾರ. ಅದರ ಬಳಿ ವಕೀಲರಿದ್ದಾರೆ, ಲೆಕ್ಕ ಹಾಕುವವರಿದ್ದಾರೆ. ಇನ್ನೊಂದು ಕಡೆ ಹದಿನೇಳೂವರೆ ವರ್ಷದ ಹುಡುಗ. ಓದದೆ ಸಹಿ ಹಾಕಿದರೇನೇ ದೇಶಭಕ್ತಿ, ಪ್ರಶ್ನೆ ಕೇಳಿದರೆ ಪುಕ್ಕಲುತನ ಅನ್ನುವ ಗಾಳಿ ಇದೆಯಲ್ಲ, ಅದು ನನಗೆ ಹಿಡಿಸುವುದಿಲ್ಲ.

ಮೊದಲು ದುಡ್ಡಿನ ಮಾತು. ಇದಕ್ಕೆ ಮುಜುಗರ ಬೇಡ. ಸೈನಿಕನ ಮನೆಯಲ್ಲೂ ಒಲೆ ಉರಿಯಬೇಕು.

ಈ ಯೋಜನೆಯಲ್ಲಿ ಸೇರಿದವನಿಗೆ ಅಗ್ನಿವೀರ ಅನ್ನುತ್ತಾರೆ. ಅವನ ಸೇವೆ ತರಬೇತಿಯೂ ಸೇರಿ ನಾಲ್ಕು ವರ್ಷ. ಮೊದಲ ವರ್ಷದ ಸಂಬಳ ತಿಂಗಳಿಗೆ 30,000 ಅಂತ ಎಲ್ಲರೂ ಹೇಳುತ್ತಾರೆ. ಕೈಗೆ ಬರುವುದು 21,000. ಉಳಿದ 9,000 ಸೇವಾನಿಧಿಗೆ, ಅಂದರೆ ಸೇವೆ ಮುಗಿದಾಗ ಒಟ್ಟಿಗೆ ಕೊಡುವ ನಿಧಿಗೆ ಹೋಗುತ್ತದೆ. ನಾಲ್ಕನೇ ವರ್ಷಕ್ಕೆ ಸಂಬಳ 40,000, ಕೈಗೆ 28,000. ಹೀಗೆ ನಾಲ್ಕು ವರ್ಷದಲ್ಲಿ ಅವನ ಸಂಬಳದಿಂದ ಸುಮಾರು 5.02 ಲಕ್ಷ ಕಟ್ ಆಗುತ್ತದೆ. ಅಷ್ಟೇ ದುಡ್ಡನ್ನು ಸರ್ಕಾರವೂ ಹಾಕುತ್ತದೆ. ಕೊನೆಗೆ ಸುಮಾರು 10.04 ಲಕ್ಷ ಮತ್ತು ಬಡ್ಡಿ, ತೆರಿಗೆ ಇಲ್ಲದೆ ಸಿಗುತ್ತದೆ. ಊಟ, ವಸತಿ ಸೇನೆಯದ್ದೇ. ಕಷ್ಟದ ಜಾಗಕ್ಕೆ ಹಾಕಿದರೆ ಅದರ ಭತ್ಯೆ ಬೇರೆ. ಹದಿನೆಂಟರ ಹುಡುಗನಿಗೆ ಇದು ಕಡಿಮೆ ಮೊತ್ತ ಅಂತ ನಾನು ಹೇಳುವುದಿಲ್ಲ. ಆ ವಯಸ್ಸಿನವರು ಊರಲ್ಲಿ ಇಷ್ಟು ದುಡಿಯುವುದು ಎಲ್ಲಿ ಬಂತು?

ಆದರೆ ಅಷ್ಟಕ್ಕೇ ಮುಗಿಯಿತು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ನಾಲ್ಕು ವರ್ಷ ಮುಗಿಸಿ ಬಂದವನಿಗೆ ಮಾಜಿ ಸೈನಿಕ ಅನ್ನುವ ದರ್ಜೆಯೂ ಇಲ್ಲ. ಹಾಗಾಗಿ ಕ್ಯಾಂಟೀನ್ ಸೌಲಭ್ಯ, ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯ ಎರಡೂ ಮುಂದುವರಿಯುವುದಿಲ್ಲ. ಸೇವೆಯಲ್ಲಿದ್ದಾಗ ಸತ್ತರೆ 48 ಲಕ್ಷದ ವಿಮೆ ಇದೆ. ಅದಕ್ಕೆ ಅವನು ಕಂತು ಕಟ್ಟಬೇಕಿಲ್ಲ. ಕರ್ತವ್ಯದ ಕಾರಣದಿಂದಲೇ ಸಾವಾದರೆ ಇನ್ನೂ 44 ಲಕ್ಷ, ಜೊತೆಗೆ ಉಳಿದ ಅವಧಿಯ ಸಂಬಳ, ಸೇವಾನಿಧಿ. ಹಳೆಯ ಸೈನಿಕರ ಹೆಂಡತಿಗೋ ತಾಯಿಗೋ ಸಿಗುತ್ತಿದ್ದಂಥ ಕುಟುಂಬ ಪಿಂಚಣಿ ಮಾತ್ರ ಇಲ್ಲ. ಇದು ಸರಿಯೋ ತಪ್ಪೋ ಅಂತ ಸಂಸತ್ತಿನಲ್ಲೇ ಜಗಳ ಆಗಿದೆ. ನನ್ನನ್ನು ಕೇಳಿದರೆ ತಪ್ಪು. ಒಂದೇ ಬಂಕರ್‌ನಲ್ಲಿ ಪಕ್ಕಪಕ್ಕ ನಿಂತ ಇಬ್ಬರ ಸಾವಿಗೆ ಎರಡು ಲೆಕ್ಕ ಇರಬಾರದು. ಆದರೆ ನನ್ನ ಅಭಿಪ್ರಾಯ ನೋಡಿ ಸಹಿ ಹಾಕೋಕಾಗಲ್ಲವಲ್ಲ. ಈಗಿರುವ ನಿಯಮ ನೋಡಿಯೇ ಹಾಕಬೇಕು.

ಇನ್ನು ಆ ಶೇಕಡಾ 25ರ ವಿಷಯ. ನಾಲ್ಕು ವರ್ಷ ಮುಗಿಸಿದ ಪ್ರತಿ ತಂಡದಲ್ಲಿ ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬನನ್ನು ಕಾಯಂ ಮಾಡಿಕೊಳ್ಳುತ್ತಾರೆ. ಹಾಗೆ ಉಳಿದವನು ಇನ್ನೂ ಕನಿಷ್ಠ 15 ವರ್ಷ ಸೇವೆ ಮಾಡಬೇಕು. ಯಾರು ಉಳಿಯಬೇಕು ಅನ್ನುವುದು ಸೇನೆಯ ತೀರ್ಮಾನ. ನನ್ನನ್ನು ಉಳಿಸಿಕೊಳ್ಳಿ ಅಂತ ಹಕ್ಕಿನಿಂದ ಕೇಳುವ ಹಾಗಿಲ್ಲ. ಆದರೆ ನಾನು ಮಾತಾಡಿಸಿದ ಹುಡುಗರೆಲ್ಲ ಆ ಒಬ್ಬ ತಾನೇ ಅಂದುಕೊಂಡಿದ್ದಾರೆ. ಪಕ್ಕದಲ್ಲಿ ಓಡುವ ಮೂವರೂ ಹಾಗೇ ಅಂದುಕೊಂಡಿರುತ್ತಾರೆ ಅಲ್ವಾ?

ಆದ್ದರಿಂದ ಮನೆಯಲ್ಲಿ ಕೂತು ಮಾತಾಡುವಾಗ ಅವನು ವಾಪಸ್ ಬರುತ್ತಾನೆ ಅಂತಲೇ ಹಿಡಿದು ಲೆಕ್ಕ ಹಾಕಿ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸು. ಕೈಯಲ್ಲಿ ಹತ್ತು ಲಕ್ಷದ ಚಿಲ್ಲರೆ. ಜೊತೆಯವರು ಅಷ್ಟರಲ್ಲಿ ಡಿಗ್ರಿ ಮುಗಿಸಿರುತ್ತಾರೆ. ಆ ದುಡ್ಡು ಯಾರದ್ದು? ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಮಾತಾಡಬೇಕಾದ ಪ್ರಶ್ನೆ ಇದು. ನಮ್ಮ ಮನೆಗಳಲ್ಲಿ ಅದು ಬರುವ ಮೊದಲೇ ಖರ್ಚಾಗಿಬಿಟ್ಟಿರುತ್ತದೆ. ಅಕ್ಕನ ಮದುವೆ ಸಾಲ, ಬೋರ್‌ವೆಲ್, ಅರ್ಧಕ್ಕೆ ನಿಂತ ಮನೆ. ತಪ್ಪು ಅನ್ನೋಕಾಗಲ್ಲ. ಆದರೆ ಹುಡುಗನ ಮುಂದಿನ ಓದಿಗೋ ಅಂಗಡಿಗೋ ಬೇಕಾದ ಬಂಡವಾಳವೂ ಅದೇ. ಬೇರೆ ದುಡ್ಡು ಬರುವುದಿಲ್ಲ. ಅದರಲ್ಲಿ ಅರ್ಧ ಅವನದ್ದು ಅಂತ ಈಗಲೇ ಮಾತಾಗಿ ಹೋದರೆ ಮುಂದೆ ಅಣ್ಣತಮ್ಮಂದಿರ ಮಧ್ಯೆ ಮನಸ್ತಾಪ ತಪ್ಪುತ್ತದೆ.

ಅರೆಸೈನಿಕ ಪಡೆಗಳಲ್ಲಿ ಅಗ್ನಿವೀರರಿಗೆ ಶೇಕಡಾ 10 ಮೀಸಲಾತಿ, ವಯಸ್ಸಿನಲ್ಲಿ ಸಡಿಲಿಕೆ ಅಂತ 2022ರಲ್ಲೇ ಕೇಂದ್ರ ಹೇಳಿತ್ತು. ಒಳ್ಳೆಯದೇ. ಮೀಸಲಾತಿ ಅಂದರೆ ಅರ್ಜಿ ಹಾಕುವ ದಾರಿ, ಕೈಗೆ ಬಂದ ಕೆಲಸ ಅಲ್ಲ. ಹತ್ತನೇ ಕ್ಲಾಸ್ ಮುಗಿಸಿ ಹೋದವನಿಗೆ ನಾಲ್ಕು ವರ್ಷದ ಮೇಲೆ ಹನ್ನೆರಡನೇ ತರಗತಿಗೆ ಸಮನಾದ ಪ್ರಮಾಣಪತ್ರ ಸಿಗುತ್ತದೆ. ಇಗ್ನೋ ವಿಶ್ವವಿದ್ಯಾಲಯದಿಂದ ಡಿಗ್ರಿ ಮಾಡುವ ಅವಕಾಶವೂ ಇದೆ. ಸೇವೆಯಲ್ಲಿ ಕಲಿತ ಕೆಲಸಕ್ಕೆ ಆ ಡಿಗ್ರಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಕೊಡುತ್ತಾರೆ. ಹೋಗುವವರು ಇದನ್ನು ಸುಮ್ನೆ ಬಿಡಬೇಡಿ. ಡ್ಯೂಟಿ ಮುಗಿಸಿ ಬಂದು ಪುಸ್ತಕ ಹಿಡಿಯುವುದು ಕಷ್ಟ, ಗೊತ್ತು. ಆದರೂ.

ದುಡ್ಡಿನ ಮಾತು ಸಾಕು. ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಬಿಟ್ಟು ಬರೋಕೆ ಆಗುತ್ತಾ?

ಇಷ್ಟ ಬಂದಾಗ ಆಗುವುದಿಲ್ಲ. ತೀರಾ ವಿಶೇಷ ಕಾರಣ ಇದ್ದರೆ, ಮೇಲಿನ ಅಧಿಕಾರಿ ಒಪ್ಪಿದರೆ ಮಾತ್ರ. ಹಾಗೆ ಬಂದರೂ ತನ್ನ ಪಾಲಿನ ದುಡ್ಡು, ಬಡ್ಡಿ ಸಿಗುತ್ತದೆ. ಸರ್ಕಾರದ ಪಾಲು ಇಲ್ಲ. ಹೇಳದೆ ಕೇಳದೆ ಬಂದರೆ? ಫ್ಯಾಕ್ಟರಿ ಕೆಲಸ ಬಿಟ್ಟ ಹಾಗೆ ಅಲ್ಲ ಅದು. ಅಗ್ನಿವೀರನೂ 1950ರ ಸೇನಾ ಕಾಯ್ದೆಯ ಕೆಳಗೇ ಬರುತ್ತಾನೆ. ರಜೆ ಇಲ್ಲದೆ ಗೈರಾದರೆ, ಕೊಟ್ಟ ರಜೆ ಮುಗಿದ ಮೇಲೂ ಸರಿಯಾದ ಕಾರಣ ಇಲ್ಲದೆ ಊರಲ್ಲೇ ಉಳಿದರೆ ಆ ಕಾಯ್ದೆಯ 39ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲು ಹಾಕಬಹುದು. ವರ್ಷಕ್ಕೆ 30 ದಿನ ರಜೆ. ಜಾತ್ರೆ, ತಂಗಿ ಮದುವೆ, ಅಜ್ಜಿಯ ಸಾವು ಎಲ್ಲ ಅದರಲ್ಲೇ ಹೊಂದಬೇಕು. ಹೊಂದುವುದಿಲ್ಲ. ಇನ್ನೊಂದು ವಿಷಯ. ಸೇರುವಾಗ ಅವಿವಾಹಿತ ಆಗಿರಬೇಕು, ನಾಲ್ಕು ವರ್ಷ ಮುಗಿಯುವ ತನಕ ಮದುವೆಯಾಗುವ ಹಾಗಿಲ್ಲ. ಸೋದರಮಾವನ ಮಗಳ ಜೊತೆ ಮಾತು ಆಗಿದೆ, ಮೊದಲ ರಜೆಗೆ ಬಂದಾಗ ಮುಗಿಸೋಣ ಅಂತ ಯೋಚನೆ ಮಾಡಿದವರು ನನಗೇ ಸಿಕ್ಕಿದ್ದಾರೆ!

ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಕಡಿಮೆ ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಯೂನಿಯನ್ ಕಟ್ಟುವ ಹಾಗಿಲ್ಲ, ರಾಜಕೀಯ ಪಕ್ಷದ ಸಭೆಗೆ ಹೋಗುವ ಹಾಗಿಲ್ಲ, ಅನುಮತಿ ಇಲ್ಲದೆ ಪತ್ರಿಕೆಯವರ ಮುಂದೆ ಕಷ್ಟ ಹೇಳಿಕೊಳ್ಳುವ ಹಾಗಿಲ್ಲ. 2020ರಲ್ಲಿ ಸೇನೆ ತನ್ನವರ ಮೊಬೈಲಿನಿಂದ 89 ಆ್ಯಪ್ ತೆಗೆಸಿತು. ಅದರಲ್ಲಿ ನೀವು ಇದನ್ನು ಓದುತ್ತಿರುವ ಫೇಸ್‌ಬುಕ್ಕೂ ಇತ್ತು. ಸೇನೆಗೆ ಇವೆಲ್ಲ ಯಾಕೆ ಬೇಕು ಅಂತ ನನಗೆ ಅರ್ಥವಾಗುತ್ತದೆ. ಆದರೆ ಮೇಷ್ಟ್ರು ಬೈದರೆ ಮೂರು ದಿನ ಕಾಲೇಜಿಗೆ ಬಾರದ ಹುಡುಗ ಒಮ್ಮೆ ತನ್ನನ್ನೇ ಕೇಳಿಕೊಳ್ಳಬೇಕು. ಅನ್ಯಾಯ ಅನ್ನಿಸಿದ ಮಾತಿಗೂ ಅಲ್ಲೇ, ಆಗಲೇ "ಯಸ್ ಸರ್" ಅನ್ನೋದು ನನ್ನ ಕೈಲಿ ಆಗುತ್ತಾ? ಕೆಲವರಿಗೆ ಸಲೀಸು. ಕೆಲವರಿಗೆ ಜನ್ಮದಲ್ಲಿ ಆಗುವುದಿಲ್ಲ. ಅದರಲ್ಲಿ ಹೆಚ್ಚು ಕಡಿಮೆ ಅಂತ ಏನಿಲ್ಲ, ಸ್ವಭಾವ ಅಷ್ಟೇ.

ಕೆಲಸ ಏನು ಅನ್ನುವುದೂ ತಿಳಿದಿರಲಿ. ಎಲ್ಲರೂ ಗನ್ ಹಿಡಿದು ಗಡಿಯಲ್ಲಿ ನಿಲ್ಲುವುದಿಲ್ಲ. ಜನರಲ್ ಡ್ಯೂಟಿ ಬೇರೆ, ಟೆಕ್ನಿಕಲ್ ಬೇರೆ, ಕ್ಲರ್ಕ್ ಬೇರೆ, ಟ್ರೇಡ್ಸ್‌ಮನ್ ಬೇರೆ. ಜನರಲ್ ಡ್ಯೂಟಿಗೆ ಹತ್ತನೇ ತರಗತಿಯಲ್ಲಿ ಒಟ್ಟು ಶೇಕಡಾ 45, ಪ್ರತಿ ವಿಷಯದಲ್ಲೂ 33 ಬೇಕು. ಅಷ್ಟಿಲ್ಲದವರು ಟ್ರೇಡ್ಸ್‌ಮನ್‌ಗೆ ಹಾಕುತ್ತಾರೆ. ಅದರಲ್ಲಿ ಅಡುಗೆ, ಬಟ್ಟೆ ಒಗೆಯುವುದು, ಕ್ಷೌರ, ಮೆಸ್ ನೋಡಿಕೊಳ್ಳುವುದು, ಎಲ್ಲ ಬರುತ್ತದೆ. ಸೈನ್ಯ ನಡೆಯುವುದೇ ಇವರಿಂದ. ಆದರೆ ಯಾವುದಕ್ಕೆ ಅರ್ಜಿ ಹಾಕಿದ್ದೀನಿ ಅಂತ ಗೊತ್ತಿಲ್ಲದೆ, ಸೈಬರ್ ಸೆಂಟರಿನವನು ತುಂಬಿದ್ದಕ್ಕೆ ಹೂಂ ಅಂದು ಹೋಗಿ ಆಮೇಲೆ ಕೊರಗುವುದು ಬೇಡ. ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂತು ಓದಿ.

ಗಡಿಗೆ ಹೋದವರ ಶತ್ರು ಕೂಡ ಯಾವಾಗಲೂ ಎದುರಿಗೆ ನಿಂತವನೇ ಆಗಿರುವುದಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಮರೆತಿಲ್ಲ ಅಲ್ವಾ? 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಆರು ದಿನದ ಮೇಲೆ ಇವರೊಬ್ಬರು ಉಸಿರಾಡುತ್ತಾ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಒಂದು ಗುಂಡೂ ಹಾರಿರಲಿಲ್ಲ. ಸುಮಾರು ಹತ್ತೊಂಬತ್ತು ಸಾವಿರ ಅಡಿ ಎತ್ತರದಲ್ಲಿ ಸುಮ್ಮನೆ ಇರುವುದೇ ಒಂದು ಯುದ್ಧ. ಅಲ್ಲಿಗೆ ಹಾಕಬೇಡಿ ಅಂತ ಕೇಳುವ ಅವಕಾಶ ಜವಾನನಿಗೆ ಇಲ್ಲ.

ಸಾಯುವುದರ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಸಾಯಿಸುವುದರ ಬಗ್ಗೆ ಬಾಯಿ ಬಿಡುವುದಿಲ್ಲ. ಸೈನಿಕನ ತರಬೇತಿ ಇರುವುದೇ, ಹೊತ್ತು ಬಂದಾಗ ಇನ್ನೊಬ್ಬ ಮನುಷ್ಯನ ಮೇಲೆ ಗುಂಡು ಹಾರಿಸೋಕೆ. ಗಡಿಯಾಚೆಯವರ ಮೇಲೆ ಮಾತ್ರ ಅಂತಲೂ ಇಲ್ಲ. ಕಾಶ್ಮೀರ, ಈಶಾನ್ಯ ರಾಜ್ಯಗಳಲ್ಲಿ ಸೇನೆ ನಮ್ಮದೇ ದೇಶದ ಊರುಗಳೊಳಗೆ ಕೆಲಸ ಮಾಡಿದೆ, ಮಾಡುತ್ತಿದೆ. ರಾತ್ರಿ ಮನೆ ತಪಾಸಣೆಗೆ ಹೋದಾಗ ಒಳಗೆ ಬಂದೂಕು ಹಿಡಿದವನೂ ಇರಬಹುದು, ಮಗು ಮಲಗಿಸುತ್ತಿರುವ ತಾಯಿಯೂ ಇರಬಹುದು. ಆ ಕ್ಷಣದ ಭಾರ ಇಪ್ಪತ್ತು ವರ್ಷದ ಹುಡುಗನ ಮೇಲೆ ಬೀಳುತ್ತದೆ. ನನ್ನ ಪರಿಚಯದ ನಿವೃತ್ತ ಹವಾಲ್ದಾರರೊಬ್ಬರು ಎಲ್ಲ ಕಥೆ ಹೇಳುತ್ತಾರೆ, ಚಳಿ, ಮೆಸ್, ಮೇಜರ್ ಸಾಹೇಬರ ನಾಯಿ, ಎಲ್ಲ. ಒಂದು ಪೋಸ್ಟಿಂಗ್ ಬಗ್ಗೆ ಮಾತ್ರ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ಇದು ನನ್ನಿಂದ ಆಗುತ್ತಾ, ಆದ ಮೇಲೆ ಬದುಕೋಕೆ ಆಗುತ್ತಾ ಅಂತ ಹೋಗುವ ಮುಂಚೆ ಯೋಚಿಸಿದವನು ಹೇಡಿ ಅಲ್ಲ. ಅವನೇ ಒಳ್ಳೆಯ ಸೈನಿಕ ಆಗುತ್ತಾನೆ ಅಂತ ನನಗನ್ನಿಸುತ್ತದೆ.

ಇಷ್ಟೆಲ್ಲ ಓದಿಯೂ "ಹೋಗ್ತೀನಿ ಸರ್" ಅನ್ನುವವರಿಗೆ ಒಂದೆರಡು ಮಾತು. ಭರ್ತಿಗೆ ಕೋಚಿಂಗ್ ಕೊಡುವ ಅಕಾಡೆಮಿಗೆ ದುಡ್ಡು ಕಟ್ಟುವ ಮೊದಲು ವೈದ್ಯರ ಹತ್ತಿರ ಹೋಗಿ. ಬಣ್ಣ ಗುರುತಿಸುವ ಕಣ್ಣು, ನಿಂತಾಗ ತಾಗುವ ಮೊಣಕಾಲು, ಚಪ್ಪಟೆ ಪಾದ, ಕಾಲಿನ ಉಬ್ಬಿದ ನರ, ಕಿವಿ ಎಲ್ಲ ತೋರಿಸಿ. ಕಿವಿಯ ಗುಗ್ಗೆ ತೆಗೆಸಬಹುದು, ಬಣ್ಣಗುರುಡಿಗೆ ಮದ್ದಿಲ್ಲ. ಒಂದು ವರ್ಷ ಬೆಳಗಿನ ಜಾವ ಎದ್ದು ಓಡಿ, ಕೊನೆಗೆ ಮೆಡಿಕಲ್‌ನಲ್ಲಿ ಇದು ಗೊತ್ತಾಗಿ ಕೂತು ಅತ್ತವರನ್ನು ನೋಡಿದ್ದೇನೆ. ಟ್ಯಾಟೂ ಹಾಕಿಸಬೇಡಿ. ಈಗ ಆನ್‌ಲೈನ್ ಪರೀಕ್ಷೆ ಮೊದಲು, ಓಟ ಆಮೇಲೆ. ಅದಕ್ಕೇ ಗಣಿತ ಬಿಟ್ಟು ಬರೀ ಗ್ರೌಂಡಿನಲ್ಲಿ ಇರಬೇಡಿ. ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಇದ್ದರೆ ಅದಕ್ಕೆ ಬೆಲೆ ಇದೆ. ಎಷ್ಟೋ ಲಕ್ಷ ಕೊಟ್ಟರೆ ಮಾಡಿಸಿಕೊಡ್ತೀನಿ ಅನ್ನುವವನು ಯಾರೇ ಆಗಲಿ, ಮೋಸ.

ಪಿಯುಸಿಯಲ್ಲಿ ಚೆನ್ನಾಗಿ ಓದುವವರಿಗೆ ಇನ್ನೊಂದು ದಾರಿ ಇದೆ ಅಂತ ಯಾಕೋ ಯಾರೂ ಹೇಳುವುದಿಲ್ಲ. ಹನ್ನೆರಡನೇ ತರಗತಿ ಆದ ಮೇಲೆ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ, ಡಿಗ್ರಿ ಆದ ಮೇಲೆ ಸಿಡಿಎಸ್ (ಕಂಬೈನ್ಡ್ ಡಿಫೆನ್ಸ್ ಸರ್ವೀಸಸ್) ಪರೀಕ್ಷೆ. ಎರಡನ್ನೂ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಅಲ್ಲಿ ಸೇರುವವನು ಅಧಿಕಾರಿಯಾಗಿ ಸೇರುತ್ತಾನೆ. ಎನ್‌ಡಿಎಗೆ ಹುಡುಗಿಯರನ್ನೂ 2022ರಿಂದ ತೆಗೆದುಕೊಳ್ಳುತ್ತಿದ್ದಾರೆ. ಹಳ್ಳಿ ಹುಡುಗರಿಗೆ ಅದು ಆಗದ ಮಾತು ಅಂತ ನಾವು ಮೇಷ್ಟ್ರುಗಳೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಕೊಡಗಿನ ಮನೆಗಳಲ್ಲಿ ಹಾಗೆ ತೀರ್ಮಾನ ಮಾಡಲಿಲ್ಲ ನೋಡಿ. ಅಲ್ಲಿಂದ ಕಾರ್ಯಪ್ಪ, ತಿಮ್ಮಯ್ಯ ಇಬ್ಬರು ಸೇನಾ ಮುಖ್ಯಸ್ಥರು ಬಂದರು.

ಕೊನೆಗೆ, ಯಾರನ್ನು ಕೇಳಬೇಕು? ಅಕಾಡೆಮಿಯವರನ್ನಲ್ಲ, ಅವರಿಗೆ ಫೀಸು ಮುಖ್ಯ. ಮೂವತ್ತು ವರ್ಷದ ಹಿಂದೆ ಸೇರಿದ ದೊಡ್ಡಪ್ಪನನ್ನೂ ಅಲ್ಲ, ಅವರು ಸೇರಿದ ಸೇನೆಯ ನಿಯಮವೇ ಬೇರೆ ಇತ್ತು. 2023ರ ಜನವರಿ ಆಸುಪಾಸಿನಲ್ಲಿ ತರಬೇತಿ ಶುರು ಮಾಡಿದ ಅಗ್ನಿವೀರರ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತದೆ. ನಿಮ್ಮೂರಲ್ಲಿ, ಪಕ್ಕದೂರಲ್ಲಿ ಅವರಲ್ಲಿ ಒಬ್ಬನಾದರೂ ಇರುತ್ತಾನೆ. ರಜೆಗೆ ಬಂದಾಗ ಹಿಡಿದು ಕೂರಿಸಿ ಕೇಳಿ. ಅಪ್ಪ ಅಮ್ಮನೂ ಪಕ್ಕದಲ್ಲಿರಲಿ. ಯೂನಿಫಾರ್ಮ್ ಹಾಕಿದ ಫೋಟೋ ನೋಡಿದ್ದು ಸಾಕು, ಸಂಬಳದ ಚೀಟಿ ತೋರಿಸು ಅನ್ನಿ. ಎಷ್ಟು ಹೊತ್ತು ನಿದ್ದೆ ಸಿಗುತ್ತೆ, ಮನೆಗೆ ಫೋನ್ ಮಾಡೋಕಾಗುತ್ತಾ, ಜೊತೆಗಿದ್ದ ಹಳೆಯ ಜವಾನರು ಹೇಗೆ ನಡೆಸಿಕೊಂಡರು, ಮತ್ತೆ ಹದಿನೆಂಟಾದರೆ ಇದಕ್ಕೇ ಬರ್ತೀಯಾ ಅಂತ ಕೇಳಿ.

ಅಂಥವರು ಯಾರಾದರೂ ಇದನ್ನು ಓದುತ್ತಿದ್ದರೆ, ಕಾಮೆಂಟಿನಲ್ಲಿ ಬರೆಯೋಕೆ ನಿಮಗೆ ಅನುಮತಿ ಇರುವುದಿಲ್ಲ ಅಂತ ಗೊತ್ತು. ಸೇವೆ ಮುಗಿಸಿ ಬಂದ ಮೇಲೆ ನಮ್ಮ ಕಾಲೇಜಿಗೆ ಬನ್ನಿ. ಒಂದು ಪೀರಿಯಡ್ ನಿಮಗೇ ಬಿಟ್ಟುಕೊಡುತ್ತೇನೆ.