ಎಂಟು ಜೀಬಿಯಲ್ಲಿ ಹಿಡಿಸದ ತಲೆ

ಸ್ವಯಂಸೇವಕರು ಸಿಗದ ಒಂದು ವಾರ ನಾನೇ ಎಂಆರ್‌ಐ ಯಂತ್ರದೊಳಗೆ ಮಲಗಿ ಬಂದಿದ್ದರಿಂದ, ಅರ್ಧ ಮಿಲಿಮೀಟರ್ ಸೂಕ್ಷ್ಮತೆಯಲ್ಲಿ ಸೆರೆಯಾದ ನನ್ನ ಸ್ವಂತ ಮೆದುಳು ಎಂಟು ಜೀಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ಕಡತವಾಗಿ ಕುಳಿತಿತ್ತು. ನೆನಪುಗಳನ್ನು ರೂಪಿಸುವ ಹಿಪೊಕ್ಯಾಂಪಸ್ಸಿನ ಗಾತ್ರವನ್ನು ಅಳೆಯುವುದಷ್ಟೇ ನನ್ನ ಕೆಲಸ. ರಾತ್ರಿ ಪ್ರೋಗ್ರಾಂ ಓಡಲು ಬಿಟ್ಟು ಮಲಗಿದವನು ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ನೋಡಿದರೆ, ಕಪ್ಪು ಪರದೆಯ ಕೊನೆಯಲ್ಲಿ ‘ಕಿಲ್ಡ್’ ಎಂಬ ಒಂದೇ ಪದವಿತ್ತು.

ಕೊಂದವರಾರೆಂಬುದು ಲ್ಯಾಪ್‌ಟಾಪನ್ನು ನಡೆಸುವ ಲಿನಕ್ಸಿನ ಲಾಗ್‌ನಲ್ಲಿ ಸಿಕ್ಕಿತು. ಮೆಮೊರಿ ಬರಿದಾದಾಗ ಅದರ ತಿರುಳಾದ ಕರ್ನಲ್, ಅದನ್ನು ಹೆಚ್ಚು ನುಂಗಿದವನನ್ನು ಹುಡುಕಿ ಮುಗಿಸುತ್ತದೆ. ನಿರ್ಗಮನ ಸಂಖ್ಯೆ 137, ಅಂದರೆ 128ಕ್ಕೆ 9 ಸೇರಿಸಿದ್ದು; 9 ಎಂಬ ಸಂಕೇತ ಮೇಲ್ಮನವಿಗೆ ಅವಕಾಶವಿಲ್ಲದ ಮರಣದಂಡನೆ.

‘ನನ್ನ ಮೆದುಳು ಎಂಟು ಜೀಬಿಯಲ್ಲಿ ಹಿಡಿಸುತ್ತಿಲ್ಲ’ ಎಂದು ನಾನು ಗೊಣಗಿದ್ದಕ್ಕೆ ಅಮ್ಮ, ‘ಹಾಲು ತಾ ಅಂದದ್ದೇ ಅದರಲ್ಲಿ ನಿಲ್ಲುವುದಿಲ್ಲ, ಮತ್ತೇನು ತುಂಬಿಕೊಂಡಿದ್ದೀಯೋ?’ ಎಂದರು.

ಬ್ರೌಸರ್ ಮುಚ್ಚಿದೆ, ಫಲವಿಲ್ಲ. ಡಿಸ್ಕಿನಲ್ಲಿ ಹದಿನಾರು ಜೀಬಿ ಸ್ವಾಪ್, ಅಂದರೆ ಮೆಮೊರಿಗೆ ಬದಲಿ ಜಾಗ, ಮಾಡಿಕೊಟ್ಟೆ. ಈ ಸಲ ಪ್ರೋಗ್ರಾಂ ಸಾಯಲಿಲ್ಲ, ಆದರೆ ಮೌಸಿನ ಬಾಣ ತೇರಿನಂತೆ ನಿಂತು ನಿಂತು ಚಲಿಸತೊಡಗಿತು. ಕೊನೆಗೆ ಮೊದಲೇ ಮಾಡಬೇಕಿದ್ದ ಲೆಕ್ಕಕ್ಕೆ ಕುಳಿತೆ. ಒಂದು ಮಿಲಿಮೀಟರಿನ ಚಿತ್ರದಲ್ಲಿ 256ರ ಘನ, ಅಂದರೆ ಸುಮಾರು 1.68 ಕೋಟಿ ವೋಕ್ಸೆಲ್‌ಗಳು (ಚಿತ್ರದ ಪುಟ್ಟ ಘನ ಚುಕ್ಕೆಗಳು) ಇರುತ್ತವೆ. ಅಳತೆಯನ್ನು ಅರ್ಧಕ್ಕಿಳಿಸಿದರೆ ಆ ಸಂಖ್ಯೆ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಕಡತದಲ್ಲಿ ತಲಾ ಎರಡು ಬೈಟ್‌ನಂತೆ 256 ಎಂಬಿಯಲ್ಲಿ ಅಡಗಿದ್ದ ಅವು, ಪೈಥಾನ್ ಭಾಷೆಯ ನಿಬೇಬಲ್ ಎಂಬ ಸಾಧನದ ಮೂಲಕ ತೆರೆದೊಡನೆ ತಲಾ ಎಂಟು ಬೈಟ್‌ಗೆ ಉಬ್ಬಿ ಒಂದು ಜೀಬಿಯಾಗುತ್ತಿದ್ದವು. ಹೊಳಪು ಸರಿಪಡಿಸಿದ ಪ್ರತಿಗೆ ಒಂದು ಜೀಬಿ, ನಯಗೊಳಿಸಿದ್ದಕ್ಕೆ ಒಂದು, ಮೂರು ದಿಕ್ಕಿನ ಗ್ರೇಡಿಯಂಟ್‌ಗೆ (ಹೊಳಪಿನ ಏರಿಳಿತಕ್ಕೆ) ಮೂರು, ಅವುಗಳ ಮೊತ್ತಕ್ಕೆ ಮತ್ತೊಂದು. ಊಟ ಮುಗಿಸಿದವರು ಎಲೆ ಬಿಟ್ಟು ಏಳದಿದ್ದರೆ ಮುಂದಿನ ಪಂಕ್ತಿ ಕೂರುವುದೆಲ್ಲಿ? ನನ್ನ ಪ್ರೋಗ್ರಾಮಿನಲ್ಲಿ ‘ಫೈನಲ್’, ‘ಫೈನಲ್ 2’ ಎಂಬ ಹೆಸರಿನ ಅತಿಥಿಗಳೆಲ್ಲ ಕೈ ಒಣಗಿಸಿಕೊಂಡು ಕುಳಿತೇ ಇದ್ದರು.

ಅವರನ್ನು ಎಬ್ಬಿಸಿ, ನಾಲ್ಕು ಬೈಟ್‌ನ ಸಂಖ್ಯೆಗಳಿಗೆ ಇಳಿದೆ. ಅಷ್ಟರಲ್ಲಿ ಇನ್ನೂ ನಾಚಿಕೆಗೇಡಿನ ಸಂಗತಿಯೊಂದು ಹೊಳೆಯಿತು: ಹೆಬ್ಬೆರಳಿಗಿಂತ ದೊಡ್ಡದೇನಲ್ಲದ ಹಿಪೊಕ್ಯಾಂಪಸ್ಸಿಗಾಗಿ ನಾನು ಮೂಗು, ಕಿವಿ, ಕತ್ತಿನ ಸಮೇತ ಇಡೀ ತಲೆಯನ್ನು ಹೊತ್ತು ತಿರುಗುತ್ತಿದ್ದೆ. ಎಡಕ್ಕೊಂದು ಬಲಕ್ಕೊಂದರಂತೆ 128ರ ಘನದ ಪೆಟ್ಟಿಗೆ ಕತ್ತರಿಸಿಕೊಂಡಾಗ ಪ್ರತಿಯೊಂದಕ್ಕೂ ಎಂಟು ಎಂಬಿ ಸಾಕಾಯಿತು. ಕಾಫಿ ಆರುವ ಮೊದಲೇ ಅಳತೆ ಬಂತು. ಎರಡೂ ಬದಿಯ ಗಾತ್ರ ಸಹಜವಾಗಿಯೇ ಇದ್ದುದರಿಂದ, ಹಾಲಿನ ವಿಚಾರದಲ್ಲಿ ಅಮ್ಮನಿಗೆ ಹೇಳಬಹುದಾಗಿದ್ದ ಸಬೂಬೊಂದು ಕೈತಪ್ಪಿತು.