ಸೆಲೆಕ್ಷನ್ ಇಲ್ಲದ ಆಟ

ನನ್ನ ಮಗಳಿಗೆ ಚೆಂಡು ಹಿಡಿಯೋಕೆ ಬರಲ್ಲ. ಓಟದಲ್ಲಿ ಯಾವತ್ತೂ ಕೊನೆ. ಅಂಥವಳಿಗೇ ಶಾಲೆಯಿಂದ ಮೆಸೇಜ್ ಬಂತು: ಸೋಮವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಆಟದ ಕ್ಲಬ್ ಇದೆ, ಫೀಸ್ ಇಲ್ಲ, ಬೇರೆ ಯಾವ ಕ್ಲಬ್ಬಿಗೂ ಹೋಗದ ಮಕ್ಕಳಿಗೆ ಮೊದಲು ಜಾಗ. ನಾನು ಅದನ್ನ ಎರಡು ಸಲ ಓದಿದೆ. ಆಡೋಕೆ ಬಾರದ ಮಗುವನ್ನ ಹುಡುಕಿ ಕರೆದದ್ದನ್ನ ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ನಾನು ಓದಿದ್ದು ತಿಪಟೂರಿನ ಸರ್ಕಾರಿ ಶಾಲೆಯಲ್ಲಿ. ಅಲ್ಲಿ ಆಟ ಅಂದ್ರೆ ಸೆಲೆಕ್ಷನ್. ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂದ ಹಾಗೆ ಪಿ.ಟಿ. ಮೇಷ್ಟ್ರು ಸೀಟಿ ಹಿಡಿದು ಮೈದಾನಕ್ಕೆ ಬರುತ್ತಿದ್ದರು, ಎಲ್ಲರನ್ನೂ ಒಂದು ರೌಂಡ್ ಓಡಿಸಿ ಗಟ್ಟಿ ಹುಡುಗರನ್ನ ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಿದ್ದರು, ಉಳಿದ ನಾವೆಲ್ಲ ಕ್ಲಾಸಿಗೆ ವಾಪಸ್. ಕಬಡ್ಡಿ ಟೀಮು, ಕೊಕ್ಕೋ ಟೀಮು, ರಿಲೇಗೆ ನಾಲ್ಕು ಜನ. ಷೀಲ್ಡು ಗೆದ್ದು ಬಂದರೆ ಪ್ರೇಯರ್‌ನಲ್ಲಿ ಚಪ್ಪಾಳೆ ಹೊಡೆಯೋದು ನಮ್ಮ ಪಾಲಿನ ಆಟ. ಕೂಟ ಮುಗಿದರೆ ಪಿ.ಟಿ. ಪಿರಿಯಡ್ ಗಣಿತದ ಮೇಷ್ಟ್ರಿಗೆ ಹೋಗುತ್ತಿತ್ತು, ಪೋರ್ಷನ್ ಮುಗಿದಿರುತ್ತಿರಲಿಲ್ಲ ಅಲ್ವಾ.

ಇಲ್ಲಿ ಮಗಳನ್ನ ಕರೆತರೋಕೆ ಸ್ವಲ್ಪ ಬೇಗ ಹೋಗಿ ಬೇಲಿಯಾಚೆ ನಿಂತು ನೋಡಿದೆ. ಕೋಚ್ ಹುಡುಗ ಕಿತ್ತಳೆ ಬಣ್ಣದ ಕೋನ್‌ಗಳನ್ನ ಸಾಲಾಗಿ ಇಟ್ಟಿದ್ದ. ಮುಟ್ಟಾಟದ ಥರದ ಆಟ. ಮುಟ್ಟಿಸಿಕೊಂಡವರು ಹೊರಗೆ ಕೂರೋ ಹಾಗಿಲ್ಲ, ಕೈಕಾಲು ಅಗಲಿಸಿ ಐದು ಸಲ ಎಗರಿ ತಕ್ಷಣ ಒಳಗೆ ಬರಬೇಕು. ನನ್ನ ಮಗಳು ಮತ್ತೆ ಮತ್ತೆ ಸಿಕ್ಕಿಬಿದ್ದಳು, ಎಗರಿದಳು, ಮತ್ತೆ ಓಡಿದಳು. ಅದೆಷ್ಟು ಸಲವೋ. ಇಡೀ ಗಂಟೆ ಒಬ್ಬ ಮಗುವೂ ಸುಮ್ನೆ ಕೂರಲಿಲ್ಲ. ನಮ್ಮಲ್ಲಾದರೆ ಮೊದಲು ಔಟ್ ಆಗೋದು ಇಂಥ ಮಗುವೇ, ಜಾಸ್ತಿ ಹೊತ್ತು ಕೂರೋದೂ ಅದೇ. ಯಾರಿಗೆ ಆಟ ಜಾಸ್ತಿ ಬೇಕೋ ಅವರಿಗೇ ಕಮ್ಮಿ ಸಿಗುತ್ತದೆ.

ಇದಕ್ಕೆ ದುಡ್ಡು ಎಲ್ಲಿಂದ ಅಂತ ಕೇಳಿದೆ. ಇಲ್ಲಿನ ಪ್ರೈಮರಿ ಶಾಲೆಗಳಿಗೆ ಆಟಕ್ಕೆ ಅಂತಲೇ ಸರ್ಕಾರದ ಹಣ ಬರುತ್ತದೆ. 2013ರಲ್ಲಿ ಶುರು ಮಾಡಿದ್ದು. 2017ರಲ್ಲಿ ದುಪ್ಪಟ್ಟು ಮಾಡಿದರು, ಸಕ್ಕರೆ ತುಂಬಿದ ಪಾನೀಯಗಳ ಮೇಲಿನ ತೆರಿಗೆಯ ಹೆಸರಿನಲ್ಲಿ. 2025-26ರ ಲೆಕ್ಕದಲ್ಲಿ, ತೀರಾ ಸಣ್ಣ ಶಾಲೆ ಬಿಟ್ಟರೆ ಒಂದೊಂದು ಶಾಲೆಗೂ ವರ್ಷಕ್ಕೆ 16,000 ಪೌಂಡ್, ಅದರ ಮೇಲೆ ಒಂದೊಂದು ಮಗುವಿಗೆ 10 ಪೌಂಡ್. ನನಗೆ ಹಣಕ್ಕಿಂತ ಇಷ್ಟವಾದದ್ದು ಅದರ ಲೆಕ್ಕ. ಯಾವುದಕ್ಕೆ ಎಷ್ಟು ಖರ್ಚಾಯ್ತು, ಅದರಿಂದ ಏನಾಯ್ತು ಅಂತ ಪ್ರತಿ ವರ್ಷ ಜುಲೈ ಕೊನೆಯೊಳಗೆ ಶಾಲೆ ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಆರನೇ ಕ್ಲಾಸಿನ ಮಕ್ಕಳಲ್ಲಿ ಎಷ್ಟು ಜನ 25 ಮೀಟರ್ ಈಜಬಲ್ಲರು ಅನ್ನೋದನ್ನೂ ಬರೆಯಬೇಕು. ಯಾರು ಫಸ್ಟ್ ಬಂದರು ಅಂತ ಅಲ್ಲ, ಎಷ್ಟು ಜನಕ್ಕೆ ಬಂತು ಅಂತ.

ಬೆಂಗಳೂರಿನಲ್ಲಿರುವ ನಮ್ಮಕ್ಕನ ಮಗನ ಶಾಲೆಗೆ ಮೈದಾನವೇ ಇಲ್ಲ. ಶಾಲೆಗೆ ಮೈದಾನ ಇರಬೇಕು ಅಂತ 2009ರ ಆರ್‌ಟಿಇ ಕಾಯ್ದೆಯಲ್ಲೇ ಇದೆ. ಅವನ ಶಾಲೆಯಲ್ಲಿರೋದು ಬಸ್ಸು ನಿಲ್ಲಿಸೋ ಸಿಮೆಂಟ್ ನೆಲ. ಹಾಗಾಗಿ ಸಂಜೆ ಕ್ರಿಕೆಟ್ ಕೋಚಿಂಗ್, ತಿಂಗಳ ಫೀಸ್, ಕಿಟ್, ಬಿಳಿ ಬಟ್ಟೆ. ಮೊನ್ನೆ ಫೋನಿನಲ್ಲಿ ಭಾವ ಹೇಳಿದರು, "ಇವನಲ್ಲಿ ಟ್ಯಾಲೆಂಟ್ ಇದೆಯಾ ಅಂತ ಕೋಚ್‌ನ ಕೇಳಿದೀನಪ್ಪ, ಇಲ್ಲಾಂದ್ರೆ ಬಿಡಿಸಿ ಅಬ್ಯಾಕಸ್‌ಗೆ ಹಾಕ್ತೀನಿ." ಹುಡುಗನಿಗೆ ಎಂಟು ವರ್ಷ! ಅವನಿಗೆ ಆಡೋಕೆ ಖುಷಿಯಾಗುತ್ತೆ ಅನ್ನೋದು ಸಾಲದಾ? ನನಗೆ ಸಿಟ್ಟೇ ಬಂತು. ಭಾವನಿಗೆ ಎದುರಾಡೋಕೆ ಆಗುತ್ತಾ, "ಇನ್ನೊಂದು ವರ್ಷ ನೋಡಿ ಭಾವ" ಅಂದೆ ಅಷ್ಟೇ.

ಇಲ್ಲಿ ಎಲ್ಲವೂ ಪುಕ್ಕಟೆ ಅಂತ ತಿಳಿಯಬೇಡಿ. ಪಕ್ಕದ ಶಾಲೆಯಲ್ಲಿ ಇಂಥದೇ ಕ್ಲಬ್ಬಿಗೆ ದುಡ್ಡು ಕೊಡಬೇಕು. ಫ್ರೀ ಜಾಗಗಳು ಮೆಸೇಜ್ ಬಂದ ಸಂಜೆಯೇ ತುಂಬಿಹೋಗುತ್ತವೆ. ಆ ಒಂದು ಗಂಟೆ ಮುಗಿದರೆ ಮುಗಿಯಿತು, ನಮ್ಮ ಬೀದಿಯಲ್ಲಿ ಒಂದು ಮಗು ಹೊರಗೆ ಕಾಣಲ್ಲ. ಡಿಸೆಂಬರ್‌ನಲ್ಲಂತೂ ನಾಲ್ಕಕ್ಕೇ ಕತ್ತಲು. ತಿಪಟೂರಿನಲ್ಲಿ ಲಗೋರಿಗೆ, ಚಿನ್ನಿದಾಂಡಿಗೆ ಯಾರ ಮೆಸೇಜೂ ಬೇಕಿರಲಿಲ್ಲ, ಅಲ್ಲಿ ನನ್ನಂಥ ಸೋಮಾರಿ ಓಟಗಾರನಿಗೂ ಒಪ್ಪಿಗೆ ಇತ್ತು. ಅದನ್ನ ನನ್ನ ಮಗಳಿಗೆ ಕೊಡೋಕೆ ಈ ದೇಶದ ಯಾವ ಕ್ಲಬ್ಬಿಗೂ ಆಗಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಕೊಕ್ಕೋ ವಿಶ್ವಕಪ್ ನಡೆಯಿತಲ್ಲ, ಗೆದ್ದ ನಮ್ಮ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಹುಡುಗಿ ಅಲ್ಲಿಗೆ ಮುಟ್ಟಿದ್ದು ನೋಡಿ ನಾನು ಇಲ್ಲಿ ಕೂತು ಕುಣಿದಾಡಿದೆ. ಸೆಲೆಕ್ಷನ್ನೇ ತಪ್ಪು ಅಂತ ನಾನು ಹೇಳಲಾರೆ. ಮುಂದೆ ಬರುವವರನ್ನ ಆರಿಸಲೇಬೇಕು. ಆದರೆ ಒಂದನೇ ಕ್ಲಾಸಿನಿಂದಲೇ ಯಾಕೆ?

ನಮ್ಮ ಸರ್ಕಾರಿ ಶಾಲೆಗಳಿಗೂ ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯಲ್ಲಿ ಆಟದ ಸಾಮಾನಿಗೆ ಅಂತ ಹಣ ಇದೆ, ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ. ಇದು ಜಾಸ್ತಿ ಏನಲ್ಲ, ಇಂಗ್ಲೆಂಡಿನ ಲೆಕ್ಕದ ಮುಂದೆ ಏನೂ ಅಲ್ಲ. ಆದರೆ ಮುಟ್ಟಾಟಕ್ಕೆ ಎಷ್ಟು ಬೇಕು? ತಿಪಟೂರಿನ ನಮ್ಮ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ಈಗ ನನ್ನ ಗೆಳೆಯನೇ ಇದ್ದಾನೆ. ವಾರಕ್ಕೊಂದು ಸಂಜೆ, ಟೀಮಿಗೆ ಸೇರದ ಮಕ್ಕಳಿಗೆ ಮಾತ್ರ, ಔಟ್ ಆದವರು ಕೂರೋ ಹಾಗಿಲ್ಲ. ಮೇಷ್ಟ್ರಿಗೆ ಆ ಗಂಟೆಯ ಗೌರವಧನ ನಮ್ಮ ಬ್ಯಾಚಿನವರು ಸೇರಿ ಹಾಕೋಣ ಅಂತ ಅವನಿಗೆ ಬರೆದಿದ್ದೇನೆ. ಹೆಡ್‌ಮೇಷ್ಟ್ರ ಹತ್ತಿರ ಮಾತಾಡಿ ಹೇಳ್ತೀನಿ ಅಂದಿದ್ದಾನೆ.